ನಾಲ್ಕು ಬೆರಳು ಎತ್ತರ

ಜೀಪಿನವನ ಮುಂದಿನ ಎರಡು ಹಲ್ಲು ಉದುರಿದ್ದು ಹಲ್ಲುಬಂಡೆಯ ಮೇಲೆ. ಬಂಡೆಗೆ ಆ ಹೆಸರು ಬಂದದ್ದು ಅವನಿಂದಲ್ಲ, ಅದು ಮೊದಲಿನಿಂದಲೂ ಇತ್ತು. ಗುಡ್ಡದ ಮೇಲಿನ ಕಲ್ಲುಗಣಿಗೆ ಹೋಗುವ ಮಣ್ಣುದಾರಿ ಮುಕ್ಕಾಲು ಏರಿದ ಮೇಲೆ ಒಂದು ಕಡೆ ಕಿರಿದಾಗುತ್ತದೆ. ಒಂದು ಪಕ್ಕ ಕಡಿದ ಬಂಡೆಯ ಗೋಡೆ, ಇನ್ನೊಂದು ಪಕ್ಕ ಇಣುಕಿದರೆ ತಲೆ ತಿರುಗುವ ಇಳಿಜಾರು. ನಡುವೆ ದಾರಿಗೆ ಅಡ್ಡಲಾಗಿ, ನೆಲದೊಳಗಿಂದ ಮೊಳೆತಂತೆ ಒಂದು ಕಲ್ಲಿನ ಏಣು. ಮುಂದಿನ ಚಕ್ರ ಹತ್ತಿ ಹಿಂದಿನ ಚಕ್ರ ಹತ್ತುವ ಮುನ್ನ ತಗ್ಗು ಗಾಡಿಯ ಹೊಟ್ಟೆಯನ್ನು ಅದು ಕಚ್ಚಿ ಹಿಡಿಯುತ್ತಿತ್ತು.

ಜೀಪಿನವನ ಗಾಡಿ ಅವನಿಗಿಂತ ಎರಡೇ ವರ್ಷ ಚಿಕ್ಕದು. ಮೂವತ್ತು ವರ್ಷ ಹೊರೆ ಹೊತ್ತು, ಚಕ್ರದ ಮೇಲೆ ಗಾಡಿಯ ಭಾರ ತಡೆಯುವ ಅದರ ಉಕ್ಕಿನ ಕಮಾನು ಪಟ್ಟಿಗಳು ಬೆನ್ನು ಬಿಟ್ಟು ಚಪ್ಪಟೆಯಾಗಿದ್ದವು. ಆ ಬೆಳಿಗ್ಗೆ ಹಿಂದೆ ಎಂಟು ಜನ ಕಲ್ಲು ಒಡೆಯುವವರು ಕೂತಿದ್ದರು. ಬಂಡೆ ಹೊಟ್ಟೆಯನ್ನು ಹಿಡಿದುಕೊಂಡಿತು. ಚಕ್ರ ಗಾಳಿಯಲ್ಲಿ ಗಿರಗಿರ ತಿರುಗಿತು. ಜನ ಇಳಿದರು, ಅವನು ಜಾಕಿ ತೆಗೆದ. ಅಷ್ಟರಲ್ಲಿ ಮೊದಲ ಟ್ರಿಪ್ಪು ಮುಗಿಸಿ ಮೇಲಿನಿಂದ ಗೂಳಿ ಬಂದ.

ಗೂಳಿ ಎಂದರೆ ಜೀಪಿನವನ ಹೆಂಡತಿಯ ಅಣ್ಣ. ಗುಡ್ಡದ ದಾರಿಗೆ ಇದ್ದದ್ದೇ ಎರಡು ಗಾಡಿ, ಒಂದು ಇವನದು, ಇನ್ನೊಂದು ಅವನದು. ಅವನದು ಎತ್ತರದ ಗಾಡಿ, ಹಲ್ಲುಬಂಡೆಯನ್ನು ಹೊಸಿಲು ದಾಟಿದ ಹಾಗೆ ದಾಟುತ್ತಿತ್ತು.

“ಏನೋ, ಮತ್ತೆ ಮೊಟ್ಟೆ ಇಡೋಕೆ ಕೂತ್ಯಾ ಇಲ್ಲಿ?”

“ಹತ್ತು ನಿಮಿಷ ಭಾವ. ಜಾಕಿ ಕೊಟ್ಟು ಎತ್ತಿ, ಚಕ್ರದ ಕೆಳಗೆ ಕಲ್ಲಿಟ್ಟು...”

“ನಿನ್ನ ಹತ್ತು ನಿಮಿಷ ನನಗೊಂದು ಟ್ರಿಪ್ಪು ಕಣೋ.”

ಜೀಪಿನವನು ಬಗ್ಗಿ ಜಾಕಿ ಇಡುತ್ತಿದ್ದ. ಗೂಳಿ ಜಾಕಿಯ ರಾಡನ್ನು ಅವನ ಕೈಯಿಂದಲೇ ಕಿತ್ತುಕೊಂಡು ಬಾಯಿಗೆ ಬೀಸಿದ. ಕಲ್ಲಿನ ಮೇಲೆ ಕಲ್ಲು ಬಿದ್ದಂತಹ ಸದ್ದಾಯಿತು. ಬಿದ್ದವನ ಪಕ್ಕೆಗೆ ಎರಡು ಒದೆತ, ಬೆನ್ನಿಗೊಂದು. ದಿನವಿಡೀ ಬಂಡೆ ಸೀಳುವ ಎಂಟು ಜನರ ಹದಿನಾರು ತೋಳುಗಳು ಅಲ್ಲೇ ಜೋತುಬಿದ್ದಿದ್ದವು. ಅವರಲ್ಲಿ ಹಿರಿಯನೊಬ್ಬ ಮಾತ್ರ, “ಸಾಕು ಬಿಡಪ್ಪ, ತಂಗಿ ಗಂಡ ಅಲ್ವೇ” ಎಂದು ಮುಂದೆ ಬಂದು ಮೊಣಕೈ ಏಟು ತಿಂದು ಕೂತ.

“ಇನ್ನೊಂದು ಸಲ ನಿನ್ನ ಗಾಡಿ ಇಲ್ಲಿ ಹೊಟ್ಟೆ ಊರಿದ್ದು ಕಂಡ್ರೆ, ಗಾಡಿ ಜತೆ ನಿನ್ನನ್ನೂ ಕೆಳಕ್ಕೆ ತಳ್ತೀನಿ. ತಂಗಿ ಗಂಡ ಸತ್ತ ಅಂತ ನಾಲ್ಕು ದಿನ ಅಳ್ತೀನಿ. ಐದನೇ ದಿನ ನಿನ್ನ ಟ್ರಿಪ್ಪೂ ನಾನೇ ಹೊಡೀತೀನಿ.”

ಇದು ಬಾಯಿಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದೆ ಮೂರನೆಯ ಜೀಪೊಂದಿತ್ತು. ಅದರ ಯಜಮಾನ ಈಗ ಸೊಂಟ ಮುರಿದುಕೊಂಡು ಬಸ್ ನಿಲ್ದಾಣದಲ್ಲಿ ಊರುಗೋಲು ಪಕ್ಕಕ್ಕಿಟ್ಟುಕೊಂಡು ಕಡಲೆಕಾಯಿ ಮಾರುತ್ತಿದ್ದ. ಅಷ್ಟೇಕೆ, ಗೂಳಿ ಹೆತ್ತ ಅಪ್ಪನನ್ನೇ, ಆ ಮುದಿ ಕಮ್ಮಾರನನ್ನೇ, ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ತಳ್ಳಿದ್ದ. ಕಮ್ಮಾರನ ಎಡಭುಜ ಅಂದಿನಿಂದ ಕಿವಿಯವರೆಗೆ ಏಳುತ್ತಿರಲಿಲ್ಲ.

ಮನೆಗೆ ಬಂದ ಜೀಪಿನವನು ಬಾಯಿ ಕೂಡ ತೊಳೆಯದೆ ಗೋಡೆಯ ಮೇಲಿದ್ದ ಮಚ್ಚು ತೆಗೆದುಕೊಂಡು ಹಿತ್ತಲಿನ ಕಲ್ಲಿನ ಮೇಲೆ ಮಸೆಯಲು ಕೂತ. ಹೆಂಡತಿ ಉಪ್ಪುನೀರು ತಂದಳು. ಕಮ್ಮಾರನ ಮಗಳು, ಮಸೆಯುವ ಸದ್ದಿನಲ್ಲೇ ಅವಳಿಗೆ ತಿಳಿಯಿತು ಇದು ಸೌದೆಗಲ್ಲ ಎಂದು. ಚೊಂಬು ಕೆಳಗಿಟ್ಟು ಮಚ್ಚಿನ ಬೆನ್ನು ಹಿಡಿದಳು.

“ಕೊಡಿ ಇಲ್ಲಿ.”

“ಬಿಡೇ.”

“ನಿಮ್ಮ ಹಲ್ಲಿಗೆ ಅವನ ಕುತ್ತಿಗೆ ಸಮನಾ? ಅವನು ಪಶು. ಹುಟ್ಟಿದಾಗಿನಿಂದ ನೋಡಿದೀನಿ. ನೀವೂ ಹಾಗಾದ್ರೆ ನಾನೇನು ಮಾಡ್ಲಿ? ಅವನ ಮೈಮೇಲೆ ನಿಮ್ಮ ಕೈ ಬಿತ್ತು ಅಂದ್ರೆ ನಾನು ಯಾರ ತಲೆ ಹತ್ರ ಕೂತು ಅಳ್ಳಿ ಹೇಳಿ?”

ಅವನು ನೆಲಕ್ಕೆ ರಕ್ತ ಉಗಿದ. ಮಚ್ಚಿನ ಹಿಡಿ ಬಿಟ್ಟ.

“ಆಯ್ತು. ಅವನ ಮೇಲೆ ಕೈ ಎತ್ತಲ್ಲ.”

“ಮಾತು ಕೊಡಿ.”

“ಎತ್ತಲ್ಲ ಅಂದ್ನಲ್ಲ. ಕೊಟ್ಟೆ.”

ಮಾತು ಕೊಟ್ಟಾಯಿತು. ದಾರಿ ಬಿಟ್ಟುಕೊಡುವ ಹಾಗಿರಲಿಲ್ಲ, ಅವನಿಗೆ ಗೊತ್ತಿದ್ದದ್ದು ಆ ಗುಡ್ಡವೊಂದೇ. ಉಳಿದದ್ದು ಒಂದೇ ಉಪಾಯ. ಗಾಡಿ ಬಂಡೆಯ ಮೇಲೆ ನಿಲ್ಲಬಾರದು. ನಿಲ್ಲದಿದ್ದರೆ ಗೂಳಿಗೆ ನೆಪವಿಲ್ಲ. ಮರುದಿನ ಬಂಡೆಯ ಬಳಿ ಹೋಗಿ, ಗಾಡಿಯ ಹೊಟ್ಟೆ ಉಜ್ಜಿದ ಗುರುತಿಗೆ ಕೈಯಿಟ್ಟು ಅಳೆದ. ಇನ್ನು ನಾಲ್ಕು ಬೆರಳು ಎತ್ತರವಿದ್ದರೆ ಸಾಕು.

ಮೆಕ್ಯಾನಿಕ್ಕನ್ನು ಎಲ್ಲರೂ ಗ್ರೀಸಣ್ಣ ಎನ್ನುತ್ತಿದ್ದರು. ಮೈಯಲ್ಲಿ ಎಲ್ಲಿ ಮುಟ್ಟಿದರೂ ಅಂಟುತ್ತಿದ್ದ. ಅವನು ಗಾಡಿಯ ಕೆಳಗೆ ಬೆನ್ನ ಮೇಲೆ ಜಾರಿ, ಅಲ್ಲಿಂದಲೇ ಮಾತಾಡಿದ.

“ಇದಕ್ಕೆ ಎತ್ತರ ಬೇಕಾ ನಿಂಗೆ? ಮುದುಕಿಗೆ ಹೈ ಹೀಲ್ಸ್ ಹಾಕಿಸ್ದಂಗೆ.”

“ತಮಾಷೆ ಆಮೇಲೆ ಮಾಡು. ಏನೇನು ದಾರಿ ಇದೆ ಹೇಳು.”

“ರಾಜಮಾರ್ಗ ಅಂದ್ರೆ ಪೂರಾ ಕಿಟ್ಟು. ಹೊಸ ಪಟ್ಟಿ, ಹೊಸ ಶಾಕ್, ಎಲ್ಲ.” ಬೆಲೆ ಹೇಳಿದ. ಜೀಪಿನವನು ನಕ್ಕ. ಹಲ್ಲಿಲ್ಲದ ಜಾಗದಿಂದ ಗಾಳಿ ಬಂತು. “ನಗಬೇಡ. ಈ ಗಾಡೀನ ಮಾರಿದ್ರೂ ಆ ಕಿಟ್ಟು ಬರಲ್ಲ ಅಂತ ನಂಗೂ ಗೊತ್ತು. ಎರಡನೇದು, ಪಟ್ಟಿ ತೂಗಾಡೋ ಕೊಂಡಿ ಇದೆಯಲ್ಲ, ಶ್ಯಾಕಲ್ಲು, ಅದನ್ನ ಉದ್ದ ಮಾಡೋದು. ಅಗ್ಗ. ಆದ್ರೆ ಸ್ಟೇರಿಂಗು ಕುಡುಕನ ಹಂಗಾಗುತ್ತೆ. ನಿನ್ನ ದಾರಿಗೆ ಬೇಡ. ಮೂರನೇದು, ಆಕ್ಸಲ್ಲಿಗೂ ಪಟ್ಟಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಬಿಗಿಯೋದು. ಹಿಂದಕ್ಕೆ ಅದು ಸಾಕು, ನನ್ನ ಹತ್ರ ಹಳೇದು ಒಂದು ಜೊತೆ ಬಿದ್ದಿದೆ.”

“ಮುಂದಕ್ಕೂ ಅದನ್ನೇ ಇಡು.”

“ಮುಂದಕ್ಕೆ ಇಟ್ರೆ ನಿನ್ನ ಹೆಣ ಹೊರೋಕೆ ನಾನೂ ಬರಬೇಕಾಗುತ್ತೆ. ಬ್ರೇಕ್ ತುಳಿದಾಗೆಲ್ಲ ಮುಂದಿನ ಆಕ್ಸಲ್ಲು ತಿರುಚ್ಕೊಳ್ಳುತ್ತೆ, ದಿಮ್ಮಿ ಹಾರುತ್ತೆ. ಮುಂದಕ್ಕೆ ಪಟ್ಟೀನೇ ಕಮಾನು ಹೊಡೆಸು, ಒಂದೊಂದು ಪಟ್ಟಿ ಜಾಸ್ತಿ ಹಾಕ್ಸು. ಪೇಟೇಲಿ ಪಟ್ಟಿ ಬಡಿಯೋನು ಇದಾನೆ. ತಣ್ಣಗೇ ಬಡೀತಾನೆ, ಬೆಂಕಿ ತೋರ್ಸಲ್ಲ. ಹದಿನೈದು ದಿನ ಕಾಯ್ಬೇಕು.”

ಹದಿನೈದು ದಿನ ಗಾಡಿ ನಿಂತರೆ ಆ ದಾರಿ ಗೂಳಿಯದೇ ಆಗುತ್ತಿತ್ತು. ಜೀಪಿನವನು ಮುಂದಿನ ಎರಡು ಪಟ್ಟಿಕಟ್ಟು ಬಿಚ್ಚಿಸಿ, ಹೆಗಲ ಮೇಲೆ ಹೊತ್ತು, ಗುಡ್ಡದ ಬುಡದಲ್ಲಿದ್ದ ಮಾವನ ಕುಲುಮೆಗೆ ನಡೆದ. ಉಕ್ಕು ಉಕ್ಕೇ, ಕಮ್ಮಾರ ಕಮ್ಮಾರನೇ ಎಂದು ಅವನ ಲೆಕ್ಕ.

ಮಾವ ನಲವತ್ತು ವರ್ಷ ಮಾಡಿದ್ದು ಮಚ್ಚು, ಕೊಡಲಿ, ಕುಡುಗೋಲು. ಹಳೆಯ ಪಟ್ಟಿಗಳು ಅವನ ಕೈಗೆ ಹೊಸದಲ್ಲ. ಗುಜರಿಯಿಂದ ಅವನ್ನೇ ತಂದು ತುಂಡು ಮಾಡಿ ಮಚ್ಚು ಬಡಿಯುತ್ತಿದ್ದ. ಆದರೆ ಪಟ್ಟಿಯನ್ನು ಪಟ್ಟಿಯಾಗಿಯೇ ತಿರುಗಿ ಕೊಟ್ಟದ್ದು ಒಮ್ಮೆಯೂ ಇಲ್ಲ. ಅಳಿಯನ ಬಾಯಿ ನೋಡಿದ. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಹಳೆಯ ಬಾಗನ್ನು ಬರೆದು, ಅದರ ಮೇಲೆ ನಾಲ್ಕು ಬೆರಳು ಬಿಟ್ಟು ಹೊಸ ಬಾಗು ಬರೆದ.

“ಇಷ್ಟು ತಾನೆ?”

“ಇಷ್ಟೇ ಮಾವ. ಪೇಟೆಯೋನು ತಣ್ಣಗೆ ಬಡೀತಾನಂತೆ.”

“ತಣ್ಣಗೆ ಬಡಿಯೋನಿಗೆ ಬೆಂಕಿ ಭಯ ಅಂತ ಅರ್ಥ. ಹಿಡಿ ಸುತ್ತಿಗೆ.”

ಮಾವನ ಭುಜ ಏಳದ್ದರಿಂದ ದೊಡ್ಡ ಸುತ್ತಿಗೆ ಅಳಿಯನ ಕೈಗೆ, ಇಕ್ಕಳ ಮಾವನ ಕೈಗೆ. ಪಟ್ಟಿ ಹಣ್ಣುಗೆಂಪಾಗಿ ಬಂತು. ಮಾವ ಚಿಕ್ಕ ಸುತ್ತಿಗೆಯಿಂದ ತೋರಿಸಿದ ಕಡೆ ಅಳಿಯ ಬಡಿದ. ಒಂದೊಂದು ಏಟಿಗೂ ಪಕ್ಕೆ ಸಿಡಿಯುತ್ತಿತ್ತು, ಒಂದೊಂದು ಏಟಿಗೂ ಗೂಳಿಯ ಮುಖ ಅಡಿಗಲ್ಲಿನ ಮೇಲೆ ಬಂದು ಚಪ್ಪಟೆಯಾಗುತ್ತಿತ್ತು. ಮಾತು ಕೊಟ್ಟದ್ದು ಕೈಗೆ, ಮನಸ್ಸಿಗಲ್ಲವಲ್ಲ.

ಬಾಗು ಸೀಮೆಸುಣ್ಣದ ಗೆರೆಗೆ ಕೂತ ಮೇಲೆ ಹದ ಹಾಕುವ ಸರದಿ. ಮಚ್ಚಿಗಾದರೆ ಮಾವ ಬಾಯಿಗೆ ಮಾತ್ರ ನೀರು ತೋರಿಸಿ, ಬೆನ್ನನ್ನು ಮೆತ್ತಗೆ ಬಿಡುತ್ತಿದ್ದ. ಇದು ಮಗಳ ಗಂಡನನ್ನು ಹೊರಬೇಕಾದ ಉಕ್ಕು, ಎಲ್ಲೂ ಮೆತ್ತಗಿರಬಾರದು ಎಂದುಕೊಂಡ. ಕೆಂಡದಂತಹ ಪಟ್ಟಿಯನ್ನು ಇಡಿಯಾಗಿ, ತುದಿಯಲ್ಲಿ ಬೋಲ್ಟು ತೂರುವ ಕಣ್ಣುಗಳ ಸಮೇತ, ತೊಟ್ಟಿಯ ನೀರಿಗೆ ಮುಳುಗಿಸಿದ. ತೊಟ್ಟಿ ಅಬ್ಬರಿಸಿತು. ಎರಡು ಕಟ್ಟಿನ ಒಂದೊಂದು ಪಟ್ಟಿಗೂ ಹಾಗೆಯೇ.

“ಇನ್ನು ಇದು ಬಗ್ಗೋ ಮಾತೇ ಇಲ್ಲ,” ಎಂದ. ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಒಂದು ತುಂಡನ್ನು ಕಾಲಿನಿಂದ ಎಳೆದು, ದನಿ ತಗ್ಗಿಸಿ ಕೇಳಿದ. “ಇದೊಂದು ಉಳಿದಿದೆ. ಸೀಟಿನ ಕೆಳಗೆ ಇಟ್ಕೊಳ್ಳೋಕೆ ಒಂದು ಮಾಡ್ಕೊಡ್ಲಾ?”

“ಬೇಡ ಮಾವ. ಗಾಡಿ ಎತ್ತರ ಆದ್ರೆ ಸಾಕು.”

ಮುದುಕ ತುಂಡನ್ನು ಮತ್ತೆ ಮೂಲೆಗೆ ತಳ್ಳಿದ.

ಗ್ರೀಸಣ್ಣ ಪಟ್ಟಿಕಟ್ಟುಗಳನ್ನು ಕೂರಿಸುವಾಗ ಪಾನಾದಿಂದ ಒಮ್ಮೆ ತಟ್ಟಿದ. ಠಣ್ ಎಂದಿತು. “ಏನೋ ಇದು, ಶಾಲೆ ಗಂಟೆ ಹಂಗೆ ಬಡ್ಕೊಳ್ಳುತ್ತೆ?” ಎಂದ. ಕಮ್ಮಾರನ ಕೆಲಸ ಎಂದು ಕೇಳಿದ ಮೇಲೆ ಇನ್ನೇನೂ ಹೇಳಲಿಲ್ಲ. ಆ ಮುದುಕನ ಕೊಡಲಿ ಅವನ ಮನೆಯಲ್ಲೂ ಇತ್ತು, ಇಪ್ಪತ್ತು ವರ್ಷದಿಂದ ಬಾಯಿ ಹೋಗಿರಲಿಲ್ಲ. ಹಿಂದೆ ದಿಮ್ಮಿ ಇಟ್ಟು ಉದ್ದದ ಯೂ ಬೋಲ್ಟ್ ಬಿಗಿದ, ಬ್ರೇಕಿನ ರಬ್ಬರ್ ಪೈಪು ಗಿಡ್ಡವಾಯಿತೆಂದು ಉದ್ದದ್ದು ಹಾಕಿದ. ಗಾಡಿ ಜಾಕಿಯಿಂದ ಇಳಿದು ನಾಲ್ಕು ಬೆರಳು ಎತ್ತರದಲ್ಲೇ ನಿಂತಿತು.

ಮೊದಲ ದಿನ ಜೀಪಿನವನು ಉಸಿರು ಹಿಡಿದು ಹಲ್ಲುಬಂಡೆ ಹತ್ತಿಸಿದ. ಹೊಟ್ಟೆ ಮುಟ್ಟಲಿಲ್ಲ. ಹಿಂದೆ ಕೂತ ಎಂಟು ಜನ ಮಕ್ಕಳ ಹಾಗೆ ಕೂಗಿದರು. ಸವಾರಿ ಮಾತ್ರ ಗಡುಸಾಗಿತ್ತು. “ಹಲ್ಲಿಲ್ಲದೋನು ಓಡಿಸ್ತಾನೆ, ಹಲ್ಲಿರೋರ ಹಲ್ಲು ಉದುರುತ್ತೆ” ಎಂದು ಹಿರಿಯ ಹಾಸ್ಯ ಮಾಡಿದ. ನಾಲ್ಕು ದಿನ ಗಾಡಿ ಎಲ್ಲೂ ನಿಲ್ಲಲಿಲ್ಲ. ಎದುರು ಸಿಕ್ಕಾಗ ಗೂಳಿ ಕಿಟಕಿಯಿಂದ ಉಗಿಯುತ್ತಿದ್ದ. ಇವನು ದಾರಿ ನೋಡುತ್ತಿದ್ದ. ನಾಲ್ಕನೆಯ ದಿನ ಗಣಿಯ ಮೇಸ್ತ್ರಿ ಎಲ್ಲರೆದುರಿಗೇ ಹೇಳಿದ: “ನಾಳೆಯಿಂದ ಸಂಜೆ ಟ್ರಿಪ್ಪು ಇವನೇ ಹೊಡೀಲಿ. ಏಟಿಲ್ಲ, ಕೂಗಿಲ್ಲ, ಹೊತ್ತಿಗೆ ಸರಿಯಾಗಿ ಇಳಿಸ್ತಾನೆ.” ಗೂಳಿ ಕೇಳಿಸಿಕೊಂಡ. ಕೈಲಿದ್ದ ಚಹಾದ ಲೋಟವನ್ನು ಮೇಸ್ತ್ರಿಯ ಕಾಲ ಬಳಿ ಒಡೆದು ಹೋದ.

ಐದನೆಯ ದಿನ ಇನ್ನೂ ಬಿಸಿಲಿರುವಾಗಲೇ ಕೆಲಸ ಬಿಟ್ಟಿತು. ಜೀಪಿನವನು ಎಂಟು ಜನರನ್ನು ಕೂರಿಸಿಕೊಂಡು ಇಳಿಯುತ್ತಿದ್ದ. ಹಲ್ಲುಬಂಡೆಯ ತಿರುವಿನಲ್ಲಿ ಕಂಡದ್ದು ಇಷ್ಟು: ಬಂಡೆಯಿಂದ ಇಪ್ಪತ್ತು ಮಾರು ಕೆಳಗೆ ಗೂಳಿಯ ಗಾಡಿ ದಾರಿಗೆ ಅಡ್ಡ ನಿಂತಿತ್ತು, ಅದರ ಹತ್ತಿರ ಲೋಡು ತುಂಬುವ ಅವನ ನಾಲ್ವರು ಗೆಳೆಯರು. ಗೂಳಿ ಒಬ್ಬನೇ ಮೇಲಕ್ಕೆ ಬಂದು, ಏಣಿನ ಕೆಳಗೆ ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಜಾಕಿಯ ರಾಡು.

ಮುಂದಿನ ಚಕ್ರಗಳು ಆಗಲೇ ಏಣಿನ ಅಂಚಿಗೆ ಬಂದಿದ್ದವು, ಹಿಂದಕ್ಕೆ ತೆಗೆಯುವ ಹಾಗಿರಲಿಲ್ಲ. ಗೂಳಿ ಮುಂದೆ ಬಂದು ರಾಡು ಬೀಸಿದ. ಮುಂದಿನ ಗಾಜು ಜೀಪಿನವನ ಮಡಿಲಿಗೆ ಸುರಿಯಿತು. ಎರಡನೆಯ ಬೀಸಿಗೆ ಕೈ ಎತ್ತಿ, ಗೂಳಿ ಗೋಡೆಯ ಪಕ್ಕಕ್ಕೆ ಸರಿದ. ಗಾಡಿ ಏಣಿನಿಂದ ಧೊಪ್ಪೆಂದು ಇಳಿಯಿತು. ಜೀಪಿನವನು ಎರಡೂ ಕಾಲು ಸೇರಿಸಿ ಬ್ರೇಕ್ ತುಳಿದ. ಕೆಳಗಿನಿಂದ ಬಂದೂಕು ಸಿಡಿದಂತಹ ಸದ್ದು ಬಂತು. ಗೋಡೆಯ ಕಡೆಯ ಮುಂದಿನ ಚಕ್ರ ಹಿಂದಕ್ಕೆ ಜಗ್ಗಿತು, ಕೈಯಲ್ಲಿದ್ದ ಸ್ಟೇರಿಂಗು ತಾನಾಗಿ ತಿರುಗಿ ಅವನ ಹೆಬ್ಬೆರಳು ಮುರಿಯಿತು. ಗಾಡಿ ಮೂಗು ತಿರುಗಿಸಿ ಗೋಡೆಗೆ ನುಗ್ಗಿತು. ಗೋಡೆಗೂ ಬಂಪರಿಗೂ ನಡುವೆ ಗೂಳಿ ಇದ್ದ.

ಅವನು ಕೂಗಲಿಲ್ಲ. ಹಸಿ ಕಟ್ಟಿಗೆ ಮುರಿದ ಹಾಗೆ ಒಂದು ಸದ್ದು, ಅಷ್ಟೇ. ಬಾಯಿಂದ ರಕ್ತ ಬಾನೆಟ್ಟಿನ ಮೇಲೆ ಬಂತು. ಎದುರು ಕೂತ ತಂಗಿಯ ಗಂಡನನ್ನು ನೋಡುತ್ತಲೇ ಕೈಯೆತ್ತಿ ರಾಡಿನಿಂದ ಬಾನೆಟ್ಟನ್ನು ಒಮ್ಮೆ ಹೊಡೆದ, ಇನ್ನೊಮ್ಮೆ ಮೆಲ್ಲಗೆ ಹೊಡೆದ. ಮೂರನೆಯದಕ್ಕೆ ಕೈ ಏಳಲಿಲ್ಲ.

ಗೆಳೆಯರು ಓಡಿ ಬಂದು ಗಾಡಿಯನ್ನು ಹಿಂದಕ್ಕೆ ತಳ್ಳಿದರು. ಗೂಳಿ ಗೋಡೆಗೆ ಜಾರಿ ಕೂತ, ಕೂತವನು ವಾಲಿದ. ಆಮೇಲೆ ಅವರು ಜೀಪಿನವನ ಕಡೆ ತಿರುಗಿದರು.

“ಬೇಕು ಅಂತ್ಲೇ ಹತ್ತಿಸ್ದ! ಸ್ಟೇರಿಂಗ್ ತಿರುಗ್ಸಿದ್ದು ಕಣ್ಣಾರೆ ಕಂಡೆ!”

“ಬ್ರೇಕ್ ತುಳ್ದೆ... ದೇವ್ರಾಣೆ ಬ್ರೇಕ್ ತುಳ್ದೆ...”

ಕೂದಲು ಹಿಡಿದು ಎಳೆದು ಕೆಡವಿದರು. ಬೂಟಿನ ಕಾಲು ಹೊಟ್ಟೆಗೆ, ಕಿವಿಗೆ, ಮುರಿದ ಹೆಬ್ಬೆರಳಿಗೆ. ಗೂಳಿಯ ರಾಡೇ ಅವನ ಬೆನ್ನಿಗೆ ಬಿತ್ತು. ಇಳಿಜಾರಿನ ಅಂಚಿಗೆ ಎಳೆದರು. ಈ ಸಲ ಹಿರಿಯನ ಜೊತೆಗೆ ಉಳಿದ ಏಳು ಜನವೂ ಅಡ್ಡ ಬಂದರು, ಆದರೆ ಅವರಿಗೂ ಹೇಳಲು ಏನಿತ್ತು? ಏನೋ ಸಿಡಿದದ್ದು ಕೇಳಿದ್ದರು, ಗಾಡಿ ಅವನ ಕಡೆಗೇ ತಿರುಗಿದ್ದು ನೋಡಿದ್ದರು. ತಳ್ಳಬೇಡಿ, ಪೊಲೀಸರು ಬರಲಿ ಎಂದಷ್ಟೇ ಅಂದರು. ಅಂಚಿನಲ್ಲೇ ಅವನನ್ನು ಕೆಡವಿಕೊಂಡು ನಾಲ್ವರೂ ಕಾದರು. ಯಾರೋ ಕೆಳಗೆ ಓಡಿದರು.

ಮೊದಲು ಬಂದದ್ದು ಮಾವ ಮತ್ತು ಮಗಳು. ಗುಡ್ಡ ಹತ್ತಿದ ಏದುಸಿರಿನಲ್ಲೇ ಅವಳು ಅಣ್ಣನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಕಣ್ಣು ಮುಚ್ಚಿಸಿದಳು. ಅಲ್ಲಿಂದಲೇ ಗಂಡನನ್ನು ನೋಡಿದಳು.

“ಮಾತು ಕೊಟ್ಟಿದ್ರಿ.”

“ಬ್ರೇಕ್ ತುಳ್ದೆ ಕಣೇ,” ಎಂದ. ಬಾಯಿ ತುಂಬ ರಕ್ತವಿದ್ದುದರಿಂದ ಮತ್ತೇನೂ ಬರಲಿಲ್ಲ. ಅವಳು ಮುಖ ತಿರುಗಿಸಿದಳು. ಅಷ್ಟು ಹೊತ್ತು ಒದೆಗಳಿಗೆಲ್ಲ ಕಣ್ಣೀರು ಹಾಕದವನು ಆಗ ಅಳತೊಡಗಿದ.

ಕಮ್ಮಾರ ಮಗನ ಹತ್ತಿರ ನಿಂತಿದ್ದು ಬಹಳ ಹೊತ್ತಲ್ಲ. ನಡೆದು ಗಾಡಿಯ ಬಳಿ ಬಂದ. ಮುಂದಿನ ಚಕ್ರ ಓರೆಯಾಗಿ ನಿಂತದ್ದನ್ನು ನೋಡಿ, ಮಂಡಿಯೂರಿ ಕೆಳಗೆ ಇಣುಕಿದ. ಯೂ ಬೋಲ್ಟಿನ ಬಿಗಿಯ ಹತ್ತಿರ ಪಟ್ಟಿ ಎರಡಾಗಿತ್ತು. ಮುರಿದ ಅರ್ಧ ತುದಿಯ ಬೋಲ್ಟಿನಿಂದ ಜೋತಾಡುತ್ತಿತ್ತು. ಒಡೆದ ಜಾಗಕ್ಕೆ ಬೆರಳಿಟ್ಟ. ಕಲ್ಲುಸಕ್ಕರೆ ಒಡೆದ ಹಾಗೆ, ಹರಳು ಹರಳಾಗಿ ಬೆಳ್ಳಗಿತ್ತು. ಬೆರಳನ್ನು ಒಡಕಿನ ಉದ್ದಕ್ಕೂ ಎಳೆದ.

“ಪಾನಾ ಕೊಡಿ,” ಎಂದ.

ಕೊನೆಗೆ ಹಿರಿಯ ಸೀಟಿನ ಕೆಳಗಿನ ಡಬ್ಬಿ ತೆರೆದು ಹುಡುಕಿಕೊಟ್ಟ. ಅಲ್ಲಿ ಪಾನಾಗಳು ಬಿಟ್ಟರೆ ಒಂದು ಚಾಕುವೂ ಇರಲಿಲ್ಲ. ಮುದುಕ ಒಂದೇ ಭುಜದ ಬಲದಿಂದ ನಟ್ಟು ಸಡಿಲಿಸಿದ. ಒಂದೊಂದೇ ಸುತ್ತು. ಬೋಲ್ಟು ಕಳಚಿ, ಮೊಳದುದ್ದದ ಆ ಅರ್ಧ ಪಟ್ಟಿಯನ್ನು ಹಿಡಿದು ಎದ್ದ, ಅಳಿಯನ ಕಡೆಗೆ ಬಂದ. ಜೀಪಿನವನ ಎದೆಯ ಮೇಲೆ ಕಾಲಿಟ್ಟು ನಿಂತಿದ್ದವನು ಮುದುಕನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

“ಹೊಡಿ ಯಜಮಾನ. ನಿನ್ನ ಹಕ್ಕು.”

ಕಮ್ಮಾರ ಪಟ್ಟಿಯನ್ನು ತಲೆಯ ಮೇಲೆತ್ತಿದ. ಎಡಭುಜವೂ ಅವತ್ತು ಕಿವಿಯವರೆಗೆ ಎದ್ದಿತು. ಮಗಳು “ಅಪ್ಪಾ” ಎಂದು ಕಿರುಚಿದಳು. ಅವನು ಹಲ್ಲುಬಂಡೆಗೆ ಬೀಸಿ ಹೊಡೆದ. ಗಾಡಿ ಹೊರಬೇಕಾಗಿದ್ದ ಉಕ್ಕು ಹೆಂಚಿನ ಹಾಗೆ ಎರಡು ತುಂಡಾಗಿ, ಒಂದು ತುಂಡು ಠಣ ಠಣ ಎನ್ನುತ್ತ ಇಳಿಜಾರಿಗೆ ಉರುಳಿತು.

“ನೋಡಿದ್ರಾ?” ಎಂದ. ಯಾರಿಗೂ ಅರ್ಥವಾಗಲಿಲ್ಲ. ಕೈಯಲ್ಲಿ ಉಳಿದ ತುಂಡನ್ನು ಮತ್ತೆ ಹೊಡೆದ. ಅದೂ ಒಡೆಯಿತು. “ಗಾಡಿ ಪಟ್ಟಿ ಇದು. ಬಗ್ಗಬೇಕು, ಒಡೀಬಾರದು. ನಾನು ಮಚ್ಚಿನ ಬಾಯಿಗೆ ಹಾಕೋ ಹದ ಹಾಕ್ದೆ. ಇಡೀ ಪಟ್ಟೀನ ನೀರಿಗೆ ಮುಳುಗಿಸ್ದೆ. ಮಗಳ ಗಂಡ ಕೂರೋ ಗಾಡಿ, ಗಟ್ಟಿ ಇರಲಿ ಅಂತ. ಅವನು ಬ್ರೇಕ್ ತುಳಿದಿದಾನೆ. ತುಳೀದೇ ಇದ್ದಿದ್ರೆ ಇದು ಇವತ್ತು ಒಡೀತಾನೇ ಇರಲಿಲ್ಲವೇನೋ, ಇನ್ನೆರಡು ದಿನ ಬಾಳ್ತಿತ್ತು.” ಉಸಿರು ತೆಗೆದುಕೊಂಡ. “ನಾನು ಅವನಿಗೆ ಮಚ್ಚು ಮಾಡ್ಕೊಡ್ತೀನಿ ಅಂದಿದ್ದೆ. ಬೇಡ ಅಂದ. ಪೊಲೀಸ್ನೋರು ಬಂದ್ರೆ ನನ್ನ ಹತ್ರ ಕಳ್ಸಿ, ನಾನೇ ಹೇಳ್ತೀನಿ. ಇವನನ್ನ ಬಿಡಿ ಈಗ.”

ನಾಲ್ವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ರಾಡನ್ನು ಕೆಳಗಿಟ್ಟ, ಸದ್ದಾಗದ ಹಾಗೆ.

ಮಗಳು ಅಣ್ಣನ ತಲೆಯನ್ನು ಹಿಡಿದೇ ಅಪ್ಪನ ಕಡೆ ನೋಡಿದಳು. ಮುದುಕ ಬಂದು ಅವಳ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತ. ಕಾಲು ಚಾಚಿ ತೊಡೆ ತಟ್ಟಿದ.

“ಇಲ್ಲಿಗೆ ಕೊಡಮ್ಮ. ನೀನು ಆ ಕಡೆ ಹೋಗು.”

ಅವಳು ತಲೆಯನ್ನು ಎರಡು ಕೈಯಲ್ಲಿ ಎತ್ತಿ ಅಪ್ಪನ ತೊಡೆಯ ಮೇಲಿಟ್ಟಳು, ಎದ್ದು ನಡೆದಳು. ಗಂಡನ ಬಳಿ ಕೂತು ಅವನ ಬಾಯೊಳಗೆ ಬೆರಳು ಹಾಕಿ, ರಕ್ತದ ಗಡ್ಡೆಯ ಜೊತೆ ಮುರಿದ ಇನ್ನೊಂದು ಹಲ್ಲನ್ನು ತೆಗೆದಳು, ಅವನಿಗೆ ಉಸಿರಾಡಲು ಆಗಲೆಂದು.